ಬಣ್ಣದ ಭೇದವೂ ಕೂಡಿಬಾಳುವ ಬಗೆಯೂ

‘ವರ್ಣ’ವೆಂಬ ಶಬ್ದಕ್ಕೆ ಬಣ್ಣವೆಂಬ ಅರ್ಥವೂ ಉಂಟು, ಕುಲವಿಭಾಗವೆಂಬ ಅರ್ಥವೂ ಉಂಟು. ಕಣ್ಣಿಗೆ ಕಾಣುವುದನ್ನೂ ಕಾಣದುದನ್ನೂ ಒಂದೇ ಶಬ್ದದಲ್ಲಿ ಕಟ್ಟಿದ್ದು ಆಕಸ್ಮಿಕವಿರಬಹುದು. ಮನುಷ್ಯನು ಎರಡನ್ನೂ ಒಂದೇ ಬಗೆಯಾಗಿ ಬಳಸಿಕೊಂಡುದು ಮಾತ್ರ ಆಕಸ್ಮಿಕವಲ್ಲ. ಶರಣರು ಕುಲದ ಪ್ರಶ್ನೆಯನ್ನೆತ್ತಿದರು. ಬಣ್ಣದ ಪ್ರಶ್ನೆ ಅದರ ಒಡಹುಟ್ಟು. ಹಲವು ಬಣ್ಣದ, ಹಲವು ನುಡಿಯ, ಹಲವು ಮತದ ಜನರು ಒಂದೇ ನಾಡಿನಲ್ಲಿ ಕೂಡಿ ಬಾಳಬಲ್ಲರೆ, ಅಥವಾ ಎಣ್ಣೆ ನೀರುಗಳಂತೆ ಬೇರೆಯಾಗಿಯೇ ಉಳಿಯತಕ್ಕವರೆ ಎಂಬ ವಾದವು ಇಂದು ಲೋಕದ ನಾನಾ ದೇಶಗಳಲ್ಲಿ ನಡೆದಿದೆ. ಬಲ್ಲರೆಂದು ಬಾಯಿಮಾತಿನಲ್ಲಿ ಒಪ್ಪುವುದು ಸುಲಭ. ಬಾಳಲಾರರೆಂಬುದನ್ನೇ ಶಾಸನವಾಗಿ ಮಾಡಿ, ನಾಲ್ಕು ದಶಕಗಳಿಗೂ ಮಿಕ್ಕಿ ನಡೆಸಿ ನೋಡಿದ ದೇಶವೊಂದುಂಟು. ಅದು ದಕ್ಷಿಣ ಆಫ್ರಿಕ. ಅದರ ಕಥೆಯು ರಾಜಕೀಯದ ಕಥೆಯಾಗಿರುವಷ್ಟೇ ಗೃಹಸ್ಥರ ಮನೆಯ ಕಥೆಯೂ ಆಗಿದೆ.

೧೯೪೮ರ ಚುನಾವಣೆಯಲ್ಲಿ ಅಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದಿತು. ಅದರ ತತ್ತ್ವದ ಹೆಸರು ‘ಅಪಾರ್ಥೈಡ್’. ಆಫ್ರಿಕಾನ್ಸ್ ಭಾಷೆಯಲ್ಲಿ ಪ್ರತ್ಯೇಕವಾಗಿರುವಿಕೆ ಎಂದರ್ಥ. ಆ ಸರಕಾರವು ಮೊಟ್ಟಮೊದಲು ಕೈಯಿಟ್ಟುದು ಗಣಿಗಳ ಮೇಲಲ್ಲ, ಹೊಲಗಳ ಮೇಲಲ್ಲ, ಮದುವೆಯ ಮೇಲೆ. ಬಿಳಿಯರಿಗೂ ಇತರರಿಗೂ ವಿವಾಹವು ಕೂಡದೆಂಬ ಶಾಸನ ೧೯೪೯ರಲ್ಲಿ ಬಂದಿತು. ೧೯೫೦ರಲ್ಲಿ ಪ್ರತಿಯೊಬ್ಬನ ಹೆಸರಿನ ಮುಂದೆ ಅವನ ಜನಾಂಗವನ್ನು ಬರೆದಿಡುವ ಜನಸಂಖ್ಯಾ ನೋಂದಣಿ ಶಾಸನವೂ, ಯಾವ ಬಣ್ಣದವರು ಯಾವ ಕೇರಿಯಲ್ಲಿ ವಾಸಿಸಬೇಕೆಂದು ಗೊತ್ತುಮಾಡುವ ಶಾಸನವೂ ಬಂದವು. ಕೇಪ್‌ಟೌನ್ ನಗರದ ‘ಡಿಸ್ಟ್ರಿಕ್ಟ್ ಸಿಕ್ಸ್’ ಎಂಬ ಕೇರಿಯಲ್ಲಿ ನಾನಾ ಜನಾಂಗದವರು ಗೋಡೆಗೆ ಗೋಡೆ ತಾಗಿಸಿ ಬಾಳುತ್ತಿದ್ದರು. ೧೯೬೬ರಲ್ಲಿ ಅದನ್ನು ಬಿಳಿಯರ ವಾಸಸ್ಥಾನವೆಂದು ಸಾರಿ, ೬೦,೦೦೦ಕ್ಕೂ ಹೆಚ್ಚು ಜನರನ್ನು ಹೊರಗೆ ಸಾಗಿಸಿ, ಮನೆಗಳನ್ನು ನೆಲಸಮ ಮಾಡಿದರು. ಕೂಡಿ ಬಾಳಲಾರರೆಂದು ಹೇಳುವವರು, ಕೂಡಿ ಬಾಳುತ್ತಿದ್ದವರನ್ನು ಬಿಡಿಸುವುದಕ್ಕೆ ಯಂತ್ರಗಳನ್ನು ತರಬೇಕಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು, ಯಾರು ಬಿಳಿಯರು? ೧೯೫೦ರ ಶಾಸನವು ಇದಕ್ಕೆ ಕೊಟ್ಟ ಲಕ್ಷಣವು ವಿಚಿತ್ರವಾದುದು: ನೋಟಕ್ಕೆ ಬಿಳಿಯನಾಗಿ ತೋರುವವನು, ಅಥವಾ ಜನರು ಸಾಮಾನ್ಯವಾಗಿ ಬಿಳಿಯನೆಂದು ಒಪ್ಪಿರುವವನು. ಸಂದೇಹ ಬಂದಲ್ಲಿ ಅಧಿಕಾರಿಗಳು ಕೂದಲಿನೊಳಗೆ ಪೆನ್ಸಿಲನ್ನು ಸಿಕ್ಕಿಸಿ ನೋಡುತ್ತಿದ್ದುದುಂಟು. ಕೆಳಗೆ ಬಿದ್ದರೆ ಬಿಳಿಯ, ಸಿಕ್ಕಿಕೊಂಡರೆ ಅಲ್ಲ! ಒಂದೇ ತಾಯಿಯ ಮಕ್ಕಳು ಬೇರೆಬೇರೆ ಜನಾಂಗದವರೆಂದು ದಾಖಲಾದರು. ವಿಜ್ಞಾನವು ಹೇಳುವುದು ಬೇರೆ. ಚರ್ಮದ ಬಣ್ಣಕ್ಕೆ ಮುಖ್ಯ ಕಾರಣ ಮೆಲನಿನ್ ಎಂಬ ದ್ರವ್ಯ. ಅದನ್ನು ಮಾಡುವ ಜೀವಕಣಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ಮಾಡುವ ದ್ರವ್ಯದ ಪ್ರಮಾಣ ಮತ್ತು ಬಗೆಯಲ್ಲಿ ಮಾತ್ರ ವ್ಯತ್ಯಾಸ. ಬಿಸಿಲು ತೀಕ್ಷ್ಣವಾಗಿರುವ ಸೀಮೆಗಳಲ್ಲಿ ಕಪ್ಪು ದೇಹಕ್ಕೆ ಕೊಡೆಯಾಯಿತು. ಬಿಸಿಲು ವಿರಳವಾದ ಉತ್ತರದಲ್ಲಿ ಬಿಳುಪು ಅನುಕೂಲವಾಯಿತು. ೧೯೭೨ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿಯು ಮನುಷ್ಯರಲ್ಲಿರುವ ಅನುವಂಶಿಕ ಭಿನ್ನತೆಯಲ್ಲಿ ಶೇಕಡಾ ೮೫ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆಯೆಂದು ಲೆಕ್ಕಹಾಕಿ ತೋರಿಸಿದನು. ಎರೆಭೂಮಿ ಕಪ್ಪೆಂದು ಯಾವ ಒಕ್ಕಲಿಗನೂ ಬಿತ್ತದೆ ಬಿಟ್ಟಿಲ್ಲ. ಆಕಳು ಕಪ್ಪಾದರೆ ಹಾಲು ಕಪ್ಪೆ ಎಂಬ ಗಾದೆಯನ್ನು ಅರಿಯದವರೂ ಇಲ್ಲ. ಆದರೂ ಈ ತಿಳಿವು ಮನುಷ್ಯನ ಮುಖದ ಮುಂದೆ ಬಂದೊಡನೆ ಮರೆಯಾಗುವುದು.

ಆ ಶಾಸನವು ಸಂಸಾರವೊಂದರಲ್ಲಿ ಮಾಡಿದುದನ್ನು ಸಾಂಡ್ರಾ ಲೇಯಿಂಗ್ ಎಂಬಾಕೆಯ ಜೀವನದಲ್ಲಿ ಕಾಣಬಹುದು. ಆಕೆಯ ಚರಿತ್ರೆ ಪುಸ್ತಕವಾಗಿಯೂ ಚಲಚ್ಚಿತ್ರವಾಗಿಯೂ ಲೋಕಕ್ಕೆ ತಿಳಿದಿದೆ. ೧೯೫೫ರಲ್ಲಿ ಬಿಳಿಯ ದಂಪತಿಗಳಿಗೆ ಹುಟ್ಟಿದ ಈ ಮಗುವಿನ ಮೈಬಣ್ಣ ಕಂದು, ಕೂದಲು ಗುಂಗುರು. ಪೂರ್ವಿಕರ ಯಾವುದೋ ಅಂಶ ತಲೆಮಾರುಗಳನ್ನು ದಾಟಿ ಮೇಲೆದ್ದಿತ್ತು. ಹತ್ತು ವರ್ಷದವಳಾಗಿದ್ದಾಗ ಬಿಳಿಯರ ಶಾಲೆಯಿಂದ ಅವಳನ್ನು ಪೋಲೀಸರ ಮೂಲಕ ಹೊರಹಾಕಿಸಿದರು. ಸರಕಾರವು ಅವಳನ್ನು ಮಿಶ್ರವರ್ಣೀಯಳೆಂದು ಬರೆಯಿತು. ತಂದೆಯು ಸುಮ್ಮನಿರಲಿಲ್ಲ. ಕಚೇರಿ ಕಚೇರಿ ಅಲೆದನು, ರಕ್ತಪರೀಕ್ಷೆಗೂ ಒಳಗಾದನು. ೧೯೬೭ರಲ್ಲಿ ಶಾಸನವೇ ತಿದ್ದುಪಡಿಯಾಯಿತು: ತಂದೆತಾಯಿಗಳಿಬ್ಬರೂ ಬಿಳಿಯರಾದರೆ ಮಗುವೂ ಬಿಳಿಯದೆಂದು. ಕಾಗದದ ಮೇಲೆ ಸಾಂಡ್ರಾ ಮರಳಿ ಬಿಳಿಯಳಾದಳು. ಆದರೆ ಬಿಳಿಯರ ಮನೆಗಳು ಅವಳಿಗೆ ತೆರೆಯಲಿಲ್ಲ. ಅವಳೊಡನೆ ಆಡಿದವರು ಕಪ್ಪು ಕೆಲಸಗಾರರ ಮಕ್ಕಳೇ. ಮುಂದೆ ಕಪ್ಪು ಜನಾಂಗದ ಯುವಕನೊಬ್ಬನೊಡನೆ ಆಕೆ ಮನೆ ಬಿಟ್ಟು ಹೋದಾಗ, ಮಗಳು ಬಿಳಿಯಳೆಂದು ಸಾಧಿಸಲು ಅಷ್ಟೊಂದು ಹೋರಾಡಿದ್ದ ತಂದೆಯೇ ಅವಳ ಸಂಬಂಧವನ್ನು ಕಡಿದುಕೊಂಡನು. ತನಗೆ ಹುಟ್ಟಿದ ಮಕ್ಕಳು ತನ್ನೊಡನಿರಬೇಕೆಂದು ಆಕೆಯು, ತನ್ನನ್ನು ಮತ್ತೆ ಮಿಶ್ರವರ್ಣೀಯಳೆಂದು ಬರೆದುಕೊಳ್ಳಿರೆಂದು ಅದೇ ಕಚೇರಿಯ ಬಾಗಿಲಿಗೆ ಹೋಗಬೇಕಾಯಿತು. ತಂದೆಯನ್ನು ಆಕೆ ಮತ್ತೆ ಕಾಣಲಿಲ್ಲ. ೨೦೦೦ದಲ್ಲಿ ಮುದಿತಾಯಿಯನ್ನು ಮಾತ್ರ ಕಂಡಳು.

ಈ ತಂದೆಯನ್ನು ಕ್ರೂರಿಯೆಂದು ತಳ್ಳಿಬಿಡುವುದು ಸುಲಭ. ಅವನಿಗೆ ಮಗಳ ಮೇಲೆ ಮಮತೆಯಿತ್ತು; ಇಲ್ಲವಾದರೆ ವರ್ಷಗಟ್ಟಲೆ ಕಾದಾಡುತ್ತಿರಲಿಲ್ಲ. ಆದರೆ ಅವನು ಕಾದಾಡಿದುದು ಗೆರೆಯನ್ನು ಅಳಿಸುವುದಕ್ಕಲ್ಲ, ಮಗಳನ್ನು ಗೆರೆಯ ಈಚೆ ಇಟ್ಟುಕೊಳ್ಳುವುದಕ್ಕೆ. ಕಲ್ಯಾಣದ ಕಥೆ ಬಲ್ಲವರಿಗೆ ಇಲ್ಲಿಯ ಅಂತರ ಹೊಳೆಯದೆ ಇರದು. ಪರಂಪರೆಯು ಹೇಳುವಂತೆ, ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಮದುವೆಯಾಯಿತು. ಆ ಇಬ್ಬರು ಬೀಗರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಗೆರೆಯನ್ನು ಅಳಿಸಿದ ತಂದೆಗಳು ಅವರು. ಹನ್ನೆರಡನೆಯ ಶತಮಾನದ ಅರಸೊತ್ತಿಗೆಯೂ ಇಪ್ಪತ್ತನೆಯ ಶತಮಾನದ ಪಾರ್ಲಿಮೆಂಟೂ ಮದುವೆಯ ಚಪ್ಪರವನ್ನು ಕಂಡು ಒಂದೇ ಬಗೆಯಾಗಿ ಬೆದರಿದುದೇಕೆ? ಸಂತೆಯಲ್ಲಿ, ಗಿರಣಿಯಲ್ಲಿ, ಹೊಲದಲ್ಲಿ ಎಲ್ಲ ಬಣ್ಣದವರೂ ಕೂಡಿದರೆ ಒಡೆಯರಿಗೆ ಲಾಭವೇ. ಬೀಗತನವಾದರೆ ಮೊಮ್ಮಕ್ಕಳು ಯಾರ ಪಂಕ್ತಿಯಲ್ಲಿ ಕುಳಿತುಕೊಳ್ಳಬೇಕೆಂಬ ಪ್ರಶ್ನೆ ಏಳುವುದು, ಗೆರೆಯು ನಿಲ್ಲುವುದಿಲ್ಲ.

ದಕ್ಷಿಣ ಆಫ್ರಿಕದ ವಿವಾಹನಿಷೇಧವು ೧೯೮೫ರಲ್ಲಿಯೂ, ಜನಾಂಗದ ನೋಂದಣಿಯು ೧೯೯೧ರಲ್ಲಿಯೂ ರದ್ದಾದವು. ೧೯೯೪ರ ಏಪ್ರಿಲ್ ೨೭ರಂದು ಎಲ್ಲ ಬಣ್ಣದವರೂ ಮೊದಲ ಬಾರಿಗೆ ಒಂದೇ ಸಾಲಿನಲ್ಲಿ ನಿಂತು ಮತ ಕೊಟ್ಟರು. ನೆಲ್ಸನ್ ಮಂಡೇಲಾ ಅಧ್ಯಕ್ಷನಾದನು. ೧೯೯೬ರ ಸಂವಿಧಾನವು ೧೧ ಭಾಷೆಗಳನ್ನು ರಾಜಭಾಷೆಗಳೆಂದು ಅಂಗೀಕರಿಸಿತು. ದೇಶವು ರಕ್ತದ ಮಡುವಾಗುವುದೆಂದು ಹಲವರು ನುಡಿದ ಭವಿಷ್ಯವು ಸುಳ್ಳಾಯಿತು.

ಹಾಗೆಂದು ಎಲ್ಲವೂ ಸರಿಹೋಯಿತೆನ್ನಲಾಗದು. ಸಂಪತ್ತಿನ ಹಂಚಿಕೆಯಲ್ಲಿ ಅದು ಲೋಕದ ಅತಿ ವಿಷಮ ದೇಶಗಳಲ್ಲೊಂದಾಗಿಯೇ ಉಳಿದಿದೆ. ೨೦೦೮ರಲ್ಲಿ ನೆರೆಯ ಆಫ್ರಿಕನ್ ದೇಶಗಳಿಂದ ಬಂದ ಬಡವರ ಮೇಲೆ ಅಲ್ಲಿಯ ಬಡವರೇ ಬಿದ್ದರು. ೬೦ಕ್ಕೂ ಹೆಚ್ಚು ಜನರು ಸತ್ತರು. ಭಾರತೀಯರ ಸಂಗತಿಯಂತೂ ವಿಚಾರಾರ್ಹವಾಗಿದೆ. ೧೮೬೦ರಿಂದ ನಾತಾಲಿನ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಸಂತತಿಯವರು ತಾವೂ ಬಿಳಿಯರ ಕಾನೂನಿನಿಂದ ನೊಂದವರು. ಆದರೂ ಅವರಿಗೂ ಕಪ್ಪು ಜನರಿಗೂ ನಡುವೆ ಶಂಕೆ ಬೆಳೆದಿತ್ತು; ೧೯೪೯ರಲ್ಲಿ ಡರ್ಬಾನಿನಲ್ಲಿ ನಡೆದ ಗಲಭೆಯಲ್ಲಿ ೧೪೨ ಜನರು ಮಡಿದರು. ಅದೇ ನಗರದ ಹೊರವಲಯದ ಫೀನಿಕ್ಸ್ ಬಡಾವಣೆಯನ್ನು ೧೯೭೦ರ ದಶಕದಲ್ಲಿ ಸರಕಾರವು ಭಾರತೀಯರಿಗೆಂದೇ ಕಟ್ಟಿತು; ಸುತ್ತಲೂ ಕಪ್ಪು ಜನರ ಬಡಾವಣೆಗಳು. ಗಾಂಧೀಜಿಯವರು ೧೯೦೪ರಲ್ಲಿ ಸ್ಥಾಪಿಸಿದ ಫೀನಿಕ್ಸ್ ಆಶ್ರಮವು ಅಲ್ಲಿಂದ ದೂರವಿಲ್ಲ. ೨೦೨೧ರ ಜುಲೈ ದಂಗೆಯಲ್ಲಿ, ಕಾವಲಿಗೆಂದು ಬೀದಿಗಳಲ್ಲಿ ತಡೆಗಳನ್ನು ಹಾಕಿದ ಆ ಬಡಾವಣೆಯಲ್ಲಿ ೩೦ಕ್ಕೂ ಹೆಚ್ಚು ಜನರು ಕೊಲೆಯಾದರು. ಸತ್ತವರಲ್ಲಿ ಬಹುಪಾಲು ಕಪ್ಪು ಜನರು. ಇದನ್ನು ತೋರಿಸಿ, ನೋಡಿರಿ, ಕೂಡಿ ಬಾಳುವುದಾಗದು ಎನ್ನುವವರಿರುವರು. ಆದರೆ ಅವರು ಕೂಡಿ ಬಾಳಿದ್ದೆಲ್ಲಿ? ಕಾನೂನು ಅಳಿದರೂ ಕಾನೂನು ಹಾಕಿದ ಬೇಲಿಯಂತೆಯೇ ಕೇರಿಗಳು ಉಳಿದಿದ್ದವು. ಒಬ್ಬರ ಮನೆಯ ಊಟವನ್ನು ಇನ್ನೊಬ್ಬರು ಉಂಡರಿಯರು.

ಕನ್ನಡನಾಡಿನಲ್ಲಿ ಬಣ್ಣಕ್ಕೆಂದು ಶಾಸನ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡುಗಳಲ್ಲಿ ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ನೆಲೆಸಿರುವರು. ಅವರಲ್ಲಿ ಹಿಂದುಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಅವರಲ್ಲೊಬ್ಬರು ವಿಧಾನ ಪರಿಷತ್ತನ್ನು ಸೇರಿದುದು ೨೦೨೦ರಲ್ಲಿ. ಹರಳಯ್ಯನ ಕಥೆ ಕೇಳಿ ಕಣ್ಣೊರಸಿಕೊಳ್ಳುವ ಗೃಹಸ್ಥರೇ ಕನ್ಯೆ ನೋಡುವಾಗ ಒಳಪಂಗಡವನ್ನು ಮೊದಲು ಕೇಳಿ, ಬಣ್ಣವನ್ನು ಆಮೇಲೆ ಕೇಳುವರು. ಪತ್ರಿಕೆಗಳ ವಧೂವರ ಅಂಕಣದಲ್ಲಿ ‘ಗೌರವರ್ಣ’ದ ಕನ್ಯೆ ಬೇಕೆಂದಿರುತ್ತದೆ, ಅಷ್ಟು ಬೆಳ್ಳಗಿಲ್ಲದವಳ ತಂದೆಯು ‘ಎಣ್ಣೆಗೆಂಪು’ ಎಂದು ಬರೆಸುವನು, ‘ಕಪ್ಪು’ ಎಂದು ಬರೆಸಲಾರನು. ಭಾರತದಲ್ಲಿ ೧೯೭೫ರಿಂದ ಮಾರುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಎಂಬ ಮುಲಾಮಿನ ಹೆಸರನ್ನು ೨೦೨೦ರಲ್ಲಿ ಬದಲಾಯಿಸಿದರು, ಮಾರಾಟ ನಿಲ್ಲಲಿಲ್ಲ. ಬಸುರಿ ಸೊಸೆಗೆ ಕೂಸು ಕೆಂಪಗೆ ಹುಟ್ಟಲೆಂದು ಕೇಸರಿಹಾಲು ಕುಡಿಸುವ ಮನೆಗಳು ಇಂದಿಗೂ ಉಂಟು. ಹುಟ್ಟಿದ ಕೂಸು ಕಪ್ಪಗಿದ್ದರೆ, ಅದೂ ಹೆಣ್ಣಾದರೆ, ಆ ಬಾಣಂತಿಯ ಕಿವಿಗೆ ಮೊದಲು ಬೀಳುವ ಮಾತು ಯಾವುದೆಂಬುದು ಆಯಾ ಮನೆಯ ಹಿರಿಯರಿಗೆ ತಿಳಿದೇ ಇದೆ.