ಶೇಕಡಾವಾರು ಅಲ್ಲ, ತಾರೀಖು ನೋಡಿ

ಹಾನಗಲ್ ತಾಲ್ಲೂಕಿನ ಶಾಲೆಯೊಂದರಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮ 2023ರ ಬೇಸಿಗೆಯಲ್ಲಿ ಐದು ಲಕ್ಷ ರೂಪಾಯಿ ಪರ್ಸನಲ್ ಲೋನ್ ತೆಗೆದ. ಸೈಟಿಗೆ ಮುಂಗಡ ಕೊಡಬೇಕಿತ್ತು. ಶೇ 17ರ ಮಧ್ಯಂತರ ಪರಿಹಾರ ಆಗತಾನೇ ಸಂಬಳದಲ್ಲಿ ಸೇರಿತ್ತು. ರಾಜ್ಯದ ಏಳನೇ ವೇತನ ಆಯೋಗದ ವರದಿ ಇವತ್ತು ಬಂತು, ನಾಳೆ ಬಂತು ಎಂಬ ಮಾತೇ ಸ್ಟಾಫ್ ರೂಮಿನ ತುಂಬ. ‘ಅರಿಯರ್ಸ್ ಬಂದ್ರ ಒಂದ ಸಲಕ್ಕ ಮುಟ್ಟಸ್ತೀನಿ, ಅಣ್ಣಾ’ ಅಂದ. ಬೇಡ ಅಂದೆ, ಕೇಳಲಿಲ್ಲ.

ಸಾಲ ಮಂಜೂರಾದ ಕಾಗದ ನನ್ನ ಹತ್ತಿರ ಬಂದಾಗ ಒಂದೊಂದೇ ಸಾಲು ಓದಿದೆ. ಬಡ್ಡಿ ಶೇ 13, ಅರುವತ್ತು ಕಂತು, ತಿಂಗಳಿಗೆ 11,377 ರೂಪಾಯಿ. ಪ್ರೊಸೆಸಿಂಗ್ ಶುಲ್ಕವನ್ನೂ ಅವನು ಕೇಳದೇ ಇದ್ದ ಸಾಲದ ವಿಮೆಯ ಪ್ರೀಮಿಯಂ ಅನ್ನೂ ಮೊದಲೇ ಮುರಿದುಕೊಂಡಿದ್ದರು. ಖಾತೆಗೆ ಬಿದ್ದದ್ದು 4,79,000. ಬಡ್ಡಿ ಮಾತ್ರ ಪೂರ್ತಿ ಐದು ಲಕ್ಷಕ್ಕೆ.

ಕೆ. ಸುಧಾಕರ ರಾವ್ ನೇತೃತ್ವದ ಆ ಆಯೋಗ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. ಶೇ 31 ತುಟ್ಟಿಭತ್ಯೆ ವಿಲೀನ, ಅದರ ಮೇಲೆ ಶೇ 27.5 ಫಿಟ್‌ಮೆಂಟ್, ಒಟ್ಟು ಶೇ 58.5. ಎಲ್ಲರ ಬಾಯಲ್ಲೂ ಈ ಅಂಕಿಯೇ. ಸರ್ಕಾರದ ಆದೇಶದಲ್ಲಿದ್ದ ಎರಡು ತಾರೀಖುಗಳನ್ನು ಗಮನಿಸಿದವರು ಕಡಿಮೆ. ಪರಿಷ್ಕರಣೆ 1.7.2022ರಿಂದ ಕಾಲ್ಪನಿಕ, ಆರ್ಥಿಕ ಲಾಭ 1.8.2024ರಿಂದ. ನಡುವಿನ ಇಪ್ಪತ್ತೈದು ತಿಂಗಳಿಗೆ ಅರಿಯರ್ಸ್ ಒಂದು ಪೈಸೆಯೂ ಇಲ್ಲ.

ಇನ್ನು ಆ ಶೇ 58.5 ಕೈಗೆ ಎಷ್ಟು ತಂದಿತು ನೋಡಿ. ತಮ್ಮನ ಹಳೆಯ ಮೂಲ ವೇತನ 40,000 ಎಂದಿಟ್ಟುಕೊಳ್ಳಿ. 2024ರ ಜುಲೈನಲ್ಲಿ ಅದರ ಮೇಲೆ ಶೇ 42.5 ತುಟ್ಟಿಭತ್ಯೆ (ಡಿಎ) 17,000, ಮಧ್ಯಂತರ ಪರಿಹಾರ 6,800, ಒಟ್ಟು 63,800. ಆಗಸ್ಟ್‌ನಲ್ಲಿ ಹೊಸ ಮೂಲ ವೇತನ 63,400, ಶೇ 8.5 ಡಿಎ 5,389, ಒಟ್ಟು 68,789. ವ್ಯತ್ಯಾಸ 4,989 ರೂಪಾಯಿ. ವೇತನ ಶ್ರೇಣಿಯ ಹಂತ, ಮನೆ ಬಾಡಿಗೆ ಭತ್ಯೆ ಸೇರಿಸಿದರೆ ಸ್ವಲ್ಪ ಏರುತ್ತದೆ. ಅವನು 2006ರ ನಂತರ ಸೇರಿದವನು, ಹಾಗಾಗಿ ಹೊಸ ಪಿಂಚಣಿ ಯೋಜನೆಯ (ಎನ್‌ಪಿಎಸ್) ವಂತಿಗೆ ಮೂಲ ವೇತನ ಮತ್ತು ಡಿಎ ಮೇಲೆ ಶೇ 10, ಆ ಕಡಿತವೂ ಸಂಬಳದ ಜೊತೆಗೇ ಏರಿತು. ಮೊದಲಿಗಿಂತ ಹೆಚ್ಚಿಗೆ ಬಂದದ್ದು ಕಂತಿನ ಅರ್ಧಕ್ಕೂ ಸಾಲಲಿಲ್ಲ.

ಸರ್ಕಾರಿ ನೌಕರರ ಮೊಬೈಲಿಗೆ ದಿನ ಬೆಳಗಾದರೆ ಬರುವ ‘ಪ್ರೀ-ಅಪ್ರೂವ್ಡ್’ ಸಾಲದ ಸಂದೇಶಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸಂಬಳ ತಪ್ಪದೆ ಬರುತ್ತದೆ, ಕಂತು ಖಾತೆಯಿಂದಲೇ ಮುರಿಯುತ್ತದೆ, ಕೊಟ್ಟವರಿಗೆ ಅಪಾಯ ಇಲ್ಲ. ಅಪಾಯವೇ ಇಲ್ಲದ ಸಾಲಕ್ಕೆ ಶೇ 13 ಬಡ್ಡಿ ಯಾಕೆ? ವಿಮೆ ಯಾಕೆ? ಸಾಲ ಬೇಕೇ ಬೇಕಾದರೆ ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ಪಾಲಿಸಿ ಮೇಲೆ ಸಿಗುತ್ತದೆ, ಮೊದಲು ಅದನ್ನು ವಿಚಾರಿಸಿ.

ಈಗ ಕೇಂದ್ರದ ಎಂಟನೇ ವೇತನ ಆಯೋಗದ ಸುತ್ತ ಇದೇ ಮಾತು ಶುರುವಾಗಿದೆ. ಕನಿಷ್ಠ ವೇತನ 18,000 ರೂಪಾಯಿಯನ್ನು ಫಿಟ್‌ಮೆಂಟ್ ಅಂಶ 2.86ರಿಂದ ಗುಣಿಸಿ 51,480 ಎಂದು ಹಂಚುತ್ತಿದ್ದಾರೆ. ಕೇಂದ್ರದ ಏಳನೆಯದರಲ್ಲಿ 2.57 ಸಿಕ್ಕಾಗ ಶೇ 125 ಡಿಎ ಅದರೊಳಗೇ ಇತ್ತು. ನಿಜವಾದ ಏರಿಕೆ ಶೇ 14ರ ಆಸುಪಾಸು.

ನಮ್ಮ ರಾಜ್ಯದಲ್ಲಿ 1.7.2022ರಿಂದ 31.7.2024ರೊಳಗೆ ನಿವೃತ್ತರಾದವರ ಸ್ಥಿತಿ ನನ್ನ ತಮ್ಮನಿಗಿಂತ ಕಷ್ಟದ್ದು. ಪಿಂಚಣಿ ಪರಿಷ್ಕರಣೆಯಾಯಿತು, ಆದರೆ ಗ್ರಾಚ್ಯುಟಿ, ಕಮ್ಯುಟೇಶನ್, ಗಳಿಕೆ ರಜೆ ನಗದೀಕರಣ ಹಳೆಯ ವೇತನದ ಮೇಲೇ ಉಳಿದವು. ತಮ್ಮನಿಗೆ ಇನ್ನೂ ಸೇವೆ ಇದೆ, ಅವರಿಗೆ ಇಲ್ಲ. ಹೊಸ ವೇತನ ಕಾಗದದ ಮೇಲೆ 2022ರಿಂದ ಜಾರಿಯಾಗಿದೆ ಎಂದಮೇಲೆ ಆ ವ್ಯತ್ಯಾಸವನ್ನು ಸರ್ಕಾರ ಕೊಡಲೇಬೇಕು. ಮುಂದಿನ ಆಯೋಗ ಬಂದಾಗ ನೌಕರರ ಸಂಘದವರು ಫಿಟ್‌ಮೆಂಟ್ ಎಷ್ಟು ಎಂದು ಕೇಳುವ ಮೊದಲು ಆರ್ಥಿಕ ಲಾಭ ಯಾವ ತಾರೀಖಿನಿಂದ ಎಂದು ಕೇಳಲಿ, ಅದನ್ನು ಬರೆಸಿಕೊಳ್ಳಲಿ.