ರೈಲು ಸುತ್ತಿದ್ರೆ ಸಾಲದು, ಊರಿಗೆ ಹೋಗ್ಬೇಕು

ಮಾಡೆಲ್ ರೈಲು ಅಂದ ಕೂಡಲೇ ಕಣ್ಮುಂದೆ ಬರೋದು ಟೇಬಲ್ ಮೇಲೆ ಗಿರಗಿರ ಸುತ್ತೋ ಗಾಡಿ. ಐದು ನಿಮಿಷ ನೋಡೋಕೆ ಚೆಂದ, ಆರನೇ ನಿಮಿಷಕ್ಕೆ ಕೈ ಫೋನ್ ಕಡೆ ಹೋಗುತ್ತೆ. ಯಾಕಂದ್ರೆ ಆ ಗಾಡಿ ಯಾವ ಊರಿಗೂ ಹೋಗ್ತಿಲ್ಲ, ಅದಕ್ಕಾಗಿ ಯಾರೂ ಕಾಯ್ತಿಲ್ಲ. ಬೋಗಿಗೆ ಸರಿಯಾದ ಬಣ್ಣ ಹಚ್ಚಿದ ಮಾತ್ರಕ್ಕೆ ಅದು ಪ್ಯಾಸೆಂಜರ್ ರೈಲು ಆಗೋಲ್ಲ. ಅದಕ್ಕೊಂದು ಟೈಮ್‌ಟೇಬಲ್ ಬೇಕು, ಸ್ಟೇಷನ್‌ನಲ್ಲಿ ಮಾಡೋಕೆ ಕೆಲಸ ಬೇಕು. ನಮ್ಮ ಹುಬ್ಬಳ್ಳಿಯನ್ನೇ ಉದಾಹರಣೆಯಾಗಿ ತಗೊಂಡು ನೋಡೋಣ.

ಉದ್ದ ಮತ್ತು ವೇಗ

ಹೆಚ್ಚು ಬಳಕೆಯಲ್ಲಿರೋ ಅಳತೆ ಎಚ್‌ಓ, ಅಂದ್ರೆ 1:87. 2023ರಲ್ಲಿ ಉದ್ಘಾಟನೆಯಾದ ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಈ ಅಳತೆಯಲ್ಲಿ 17.3 ಮೀಟರ್ ಆಗುತ್ತೆ. ನಮ್ಮ ಕ್ಲಾಸ್‌ರೂಮೇ ಅಷ್ಟು ಉದ್ದ ಇಲ್ಲ! 22 ಎಲ್‌ಎಚ್‌ಬಿ ಬೋಗಿಗಳ ಗಾಡಿ ಇಂಜಿನ್ ಸೇರಿ 6 ಮೀಟರ್ ದಾಟುತ್ತೆ. ಹಾಗಾಗಿ ಆರು ಬೋಗಿ ಇಟ್ಟು, ಪ್ಲಾಟ್‌ಫಾರ್ಮನ್ನ ಗಾಡಿಗಿಂತ ಸ್ವಲ್ಪ ಉದ್ದ ಮಾಡಿದ್ರೆ ಸಾಕು, ಕಣ್ಣು ಒಪ್ಪುತ್ತೆ.

ವೇಗದಲ್ಲಿ ಮಾತ್ರ ರಾಜಿ ಬೇಡ. ಗಂಟೆಗೆ 60 ಕಿ.ಮೀ. ಅಂದ್ರೆ ಮಾಡೆಲ್‌ನಲ್ಲಿ ಸೆಕೆಂಡಿಗೆ 19 ಸೆಂ.ಮೀ. ಸೆಕೆಂಡಿಗೆ ಒಂದು ಮೀಟರ್ ಓಡಿಸಿದ್ರೆ ಅದು 313 ಕಿ.ಮೀ. ವೇಗ. ಧಾರವಾಡ ಪ್ಯಾಸೆಂಜರ್ ಹಂಗೆ ಓಡಿದ್ದನ್ನ ಯಾರೂ ನೋಡಿಲ್ಲ.

ಸಮಯ

ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿ.ಮೀ. ಅದೇ ಅಳತೆಯಲ್ಲಿ 230 ಮೀಟರ್ ಹಳಿ ಬೇಕು. ಅದಕ್ಕೇ ಮಾಡೆಲ್ ಮಾಡೋರು ವೇಗದ ಗಡಿಯಾರ ಇಡ್ತಾರೆ. ಆರು ಪಟ್ಟು ವೇಗ ಅಂದ್ರೆ ಒಂದು ದಿನ ನಾಲ್ಕು ಗಂಟೆಯಲ್ಲಿ ಮುಗಿಯುತ್ತೆ. 20 ನಿಮಿಷದ ಪ್ರಯಾಣ 200 ಸೆಕೆಂಡ್ ಆಗುತ್ತೆ. ಆದ್ರೂ 60ರ ವೇಗದಲ್ಲಿ ಅಷ್ಟು ಹೊತ್ತು ಓಡೋಕೆ 38 ಮೀಟರ್ ಹಳಿ ಬೇಕು! ಇದಕ್ಕೆ ಉಪಾಯ ನಾಟಕದವರ ಹತ್ರ ಇದೆ: ನೇಪಥ್ಯ. ಗಾಡಿ ಹುಬ್ಬಳ್ಳಿ ಬಿಟ್ಟು ಪರದೆ ಹಿಂದಿನ ಹಳಿಗೆ ಹೋಗಿ ನಿಲ್ಲಲಿ, ಗಡಿಯಾರದಲ್ಲಿ ಸಮಯ ಆದ್ಮೇಲೆ ಧಾರವಾಡದಲ್ಲಿ ಕಾಣಿಸಿಕೊಳ್ಳಲಿ.

ಸ್ಟೇಷನ್ ಕೆಲಸ

ಹುಬ್ಬಳ್ಳಿ ಜಂಕ್ಷನ್. ಬೆಂಗಳೂರು ಕಡೆಯಿಂದ ಬಂದು ಧಾರವಾಡಕ್ಕೆ ಹೋಗೋ ಗಾಡಿ ನೇರ ಹೋಗುತ್ತೆ. ಆದ್ರೆ ಬೆಂಗಳೂರು ಕಡೆಯಿಂದ ಈ ಸ್ಟೇಷನ್‌ಗೆ ಬಂದು ಗದಗಕ್ಕೆ ಹೋಗಬೇಕಾದ ಗಾಡಿ ದಿಕ್ಕು ಬದಲಿಸಬೇಕು. ಇಂಜಿನ್ ಬಿಚ್ಚಬೇಕು, ಪಕ್ಕದ ಹಳಿ ಖಾಲಿ ಇರಬೇಕು, ಇನ್ನೊಂದು ತುದಿಗೆ ಇಂಜಿನ್ ಜೋಡಿಸಿ ಬ್ರೇಕ್ ಪರೀಕ್ಷೆ ಮಾಡಬೇಕು, ಕೊನೇ ಬೋಗಿಯ ಎಲ್‌ವಿ ಫಲಕ ಈ ಕಡೆಗೆ ಬರಬೇಕು. ಈ ಕೆಲಸವನ್ನ ನಮ್ಮ ಕೈ ಆರು ಪಟ್ಟು ವೇಗದಲ್ಲಿ ಮಾಡೋಲ್ಲ. ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಇಲ್ಲಿ ಧಾರಾಳವಾಗಿ ನಿಮಿಷ ಕೊಡಿ.

ತಡವಾದ ಗಾಡಿ

ಈಗ ನಿಜವಾದ ಪರೀಕ್ಷೆ. ಕೆಲವು ಚೀಟಿಗಳ ಮೇಲೆ "5 ನಿಮಿಷ ತಡ", "15 ನಿಮಿಷ ತಡ" ಅಂತ ಬರೆದಿಟ್ಟು ಒಂದೊಂದು ಗಾಡಿಗೆ ಒಂದೊಂದು ಎತ್ತಿ. ಗದಗದ ಗಾಡಿ 15 ನಿಮಿಷ ತಡ ಅಂತ ಬಂತು ಅನ್ನಿ. ಅದರಲ್ಲಿರೋ 40 ಜನ ಧಾರವಾಡದ ಕೊನೇ ಪ್ಯಾಸೆಂಜರ್ ಹಿಡೀಬೇಕು. ಆ ಗಾಡೀನ ನಿಲ್ಲಿಸ್ತೀರಾ, ಬಿಡ್ತೀರಾ? ನಿಲ್ಲಿಸಿದ್ರೆ ಅದೇ ಪ್ಲಾಟ್‌ಫಾರ್ಮ್‌ಗೆ ಬರಬೇಕಾದ ಬೆಂಗಳೂರು ಗಾಡಿ ಹೊರಗೆ ಸಿಗ್ನಲ್‌ನಲ್ಲಿ ನಿಲ್ಲುತ್ತೆ. ಬಿಟ್ರೆ 40 ಜನಕ್ಕೆ ರಾತ್ರಿ ಸ್ಟೇಷನ್ನೇ ಗತಿ. ನಾವು ಆಡುವಾಗ ಅತಿ ಹೆಚ್ಚು ಜಗಳ ಆಗೋದು ಇಲ್ಲೇ. ಎರಡೂ ಕಡೆಯವರ ವಾದ ಸರಿ ಇರುತ್ತೆ, ಗಡಿಯಾರ ಮಾತ್ರ ಕಾಯೋಲ್ಲ. ಕಂಟ್ರೋಲ್ ರೂಮಿನಲ್ಲಿ ಕೂತೋರು ಇಂಥ ಪ್ರಶ್ನೆಗಳನ್ನ ನಿಜವಾದ ಜನರ ಜೊತೆ ಎದುರಿಸ್ತಾರೆ.

ಶುರು ಮಾಡೋಕೆ ಹಳಿ ಕೊಳ್ಳಬೇಕಿಲ್ಲ. ಗ್ರಾಫ್ ಶೀಟಿನಲ್ಲಿ ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ಟೇಷನ್‌ಗಳನ್ನ ಹಾಕಿ. ಪ್ರತಿ ಗಾಡಿಯೂ ಒಂದು ಓರೆ ಗೆರೆ. ಒಂಟಿ ಹಳಿ ಅಂದ್ಕೊಂಡು ಎರಡೂ ದಿಕ್ಕಿನ ಗಾಡಿಗಳ ಗೆರೆ ಎಳೀರಿ. ಎರಡು ಗೆರೆ ಸ್ಟೇಷನ್‌ನಲ್ಲಿ ದಾಟಿದ್ರೆ ಕ್ರಾಸಿಂಗ್, ಸ್ಟೇಷನ್‌ಗಳ ನಡುವೆ ದಾಟಿದ್ರೆ ಅಪಘಾತ. ಒಂದೂ ಅಪಘಾತ ಇಲ್ಲದ ಹಾಳೆ ಸಿದ್ಧವಾದ ದಿನ ಇಂಜಿನ್ ಕೊಳ್ಳೋಕೆ ದುಡ್ಡು ಕೂಡಿಸೋಣ.