ಹವಳದ ತೊಟ್ಟಿಯ ಸ್ಥಳಾಂತರ

ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳಗಳನ್ನೂ ಮೀನುಗಳನ್ನೂ ವರ್ಷಗಟ್ಟಲೆ ಸಾಕಿಕೊಂಡು ಬಂದವರು ಮನೆಯನ್ನಾಗಲಿ ಊರನ್ನಾಗಲಿ ಬಿಡಬೇಕಾಗಿ ಬಂದಾಗ ಒದಗುವ ತೊಡಕು ಸಾಮಾನ್ಯವಾದುದಲ್ಲ. ಮೇಜು ಕುರ್ಚಿಗಳಂತೆ ಅದನ್ನು ಎತ್ತಿ ಲಾರಿಗೆ ಹೇರುವಂತಿಲ್ಲ. ಅಮೆರಿಕ, ಯೂರೋಪು, ಜಪಾನುಗಳಲ್ಲಿ ಅನೇಕರು ಮನೆಗಳಲ್ಲಿಯೇ ಇಂತಹ ತೊಟ್ಟಿಗಳನ್ನು ಇರಿಸಿಕೊಂಡಿರುವರು. ಹತ್ತು ವರ್ಷ ಸೊಂಪಾಗಿ ಬಾಳಿದ ತೊಟ್ಟಿಯು ಒಂದು ದಿನದ ಪ್ರಯಾಣದಲ್ಲಿ ಹಾಳಾಗುವುದುಂಟು. ಇದು ಏಕೆ ಹೀಗಾಗುವುದು, ಇದನ್ನು ತಪ್ಪಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಭಾರದ ಮಾತು. ಸಮುದ್ರದ ನೀರು ಸಿಹಿನೀರಿಗಿಂತ ತುಸು ಭಾರ. ಒಂದು ಲೀಟರು ಸುಮಾರು 1.025 ಕಿಲೋಗ್ರಾಂ ತೂಗುವುದು. ಹಾಗಾದರೆ 300 ಲೀಟರಿನ ತೊಟ್ಟಿಯಲ್ಲಿ ನೀರೇ 307 ಕಿಲೋಗ್ರಾಮಿಗೆ ಮಿಕ್ಕಿತು. ಕಲ್ಲು, ಮರಳು, ಗಾಜುಗಳ ತೂಕ ಬೇರೆ. ಅರ್ಧ ತುಂಬಿದ ತೊಟ್ಟಿಯನ್ನು ನಾಲ್ವರು ಹಿಡಿದು ಎತ್ತಿದರೂ ಗಾಜಿನ ಹಲಗೆಗಳು ಕೂಡಿದ ಅಂಚು ತಿರುಚಿ ಬಿರಿಯುವುದು. ಆದುದರಿಂದ ತೊಟ್ಟಿಯನ್ನು ಬರಿದು ಮಾಡಿಯೇ ಒಯ್ಯತಕ್ಕದ್ದು. ಇದು ಎಲ್ಲರಿಗೂ ತಿಳಿಯುವ ಸಂಗತಿ.

ಕಣ್ಣಿಗೆ ಕಾಣದ ಸಂಗತಿ ಇನ್ನೊಂದಿದೆ. ಅದರಲ್ಲಿಯೇ ಗುಟ್ಟು ಅಡಗಿರುವುದು. ಮೀನುಗಳು ತಮ್ಮ ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಬಿಡುವುವು. ಅದು ಅವುಗಳಿಗೇ ವಿಷ. ತೊಟ್ಟಿಯ ಕಲ್ಲುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಆ ಅಮೋನಿಯಾವನ್ನು ನೈಟ್ರೈಟಾಗಿಯೂ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವುವು. ಕಲ್ಲಿನ ಆಳದ ರಂಧ್ರಗಳಲ್ಲಿ, ಆಮ್ಲಜನಕವಿಲ್ಲದ ಕಡೆ, ಮತ್ತೊಂದು ಬಗೆಯವು ನೈಟ್ರೇಟನ್ನು ಸಾರಜನಕ ವಾಯುವನ್ನಾಗಿಸಿ ಹೊರಹಾಕುವುವು. ಈ ಜೀವಿಗಳು ನೆಲೆಗೊಳ್ಳಲು ಹೊಸ ತೊಟ್ಟಿಯಲ್ಲಿ ವಾರಗಳೇ ಬೇಕು. ಅವು ಹೆಚ್ಚಾಗಿ ನೀರಿನಲ್ಲಿ ತೇಲುತ್ತಿರುವುದಿಲ್ಲ, ಕಲ್ಲಿಗೆ ಅಂಟಿಕೊಂಡಿರುವುವು. ಹಳೆಯ ನೀರೇ ಸರ್ವಸ್ವವೆಂದು ಭಾವಿಸಿ ಅದನ್ನು ಹನಿ ಬಿಡದೆ ಹೊತ್ತು, ಕಲ್ಲುಗಳನ್ನು ಬಿಸಿಲಿಗೆ ಒಣಗಹಾಕಿದವನು ಹಾಲನ್ನು ಕಾಪಾಡಿ ಹೆಪ್ಪನ್ನು ಚೆಲ್ಲಿದವನಿಗೆ ಸಮಾನನು. ಅಡಕೆಯ ಸಸಿಯನ್ನು ಕಿತ್ತು ನೆಡುವಾಗ ಬೇರಿಗೆ ಹತ್ತಿದ ಮಣ್ಣು ಉದುರದಂತೆ ನಮ್ಮ ರೈತರು ಜೋಪಾನ ಮಾಡುವರಷ್ಟೆ; ಇಲ್ಲಿ ಕಲ್ಲುಗಳೇ ಆ ಬೇರಿನ ಮಣ್ಣು. ಅವುಗಳನ್ನು ನೀರಿನಲ್ಲಿ ಮುಳುಗಿಸಿಯೇ ಒಯ್ಯಬೇಕು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಸಾಗುವುದು ಉಚಿತವಲ್ಲ. ಕಡಲ ತಡಿಯಲ್ಲಿಯೇ ಇರುವ ನಮ್ಮ ಹುಡುಗರಿಗೆ, ತಾವೂ ಹವಳವನ್ನು ತಂದು ಸಾಕಬಾರದೇಕೆ ಎಂಬ ಆಸೆ ಹುಟ್ಟುವುದು ಸಹಜ. ಭಾರತದಲ್ಲಿ ಕಲ್ಲುಹವಳಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಅನುಸೂಚಿಗೆ 2001ರಲ್ಲಿ ಸೇರಿದವು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಉಂಟು. 2020ರಲ್ಲಿ ಮುಂಬಯಿಯ ಕರಾವಳಿ ರಸ್ತೆಗಾಗಿ ವರಳಿ ಮತ್ತು ಹಾಜಿ ಅಲಿಯ ಬಂಡೆಗಳ ಮೇಲಿದ್ದ 18 ಸಣ್ಣ ಹವಳದ ಸಮೂಹಗಳನ್ನು ಬೇರೆಡೆಗೆ ಸಾಗಿಸಬೇಕಾದಾಗ, ಅಷ್ಟಕ್ಕೂ ಅರಣ್ಯ ಇಲಾಖೆಯ ಅಪ್ಪಣೆ ಬೇಕಾಯಿತು. ಆದುದರಿಂದ ಕಡಲಿನಿಂದ ಹವಳವನ್ನು ಕಿತ್ತು ತರುವ ಯೋಚನೆಯನ್ನು ಪಾಲಕರು ಮೊದಲಲ್ಲಿಯೇ ತಡೆಯತಕ್ಕದ್ದು. ಬರಿಯ ಮೀನುಗಳಿರುವ ಉಪ್ಪುನೀರಿನ ತೊಟ್ಟಿಗೂ ಇಲ್ಲಿ ಹೇಳಿದ ನಿಯಮಗಳಲ್ಲಿ ಹೆಚ್ಚಿನವು ಸಲ್ಲುವುವು.

ಇನ್ನು ಸಿದ್ಧತೆ. ಹೊರಡುವುದಕ್ಕೆ ಒಂದೆರಡು ದಿನ ಮೊದಲೇ ಹೊಸ ಸ್ಥಳದಲ್ಲಿ ಉಪ್ಪುನೀರನ್ನು ಕಲಸಿಡಬೇಕು. ಲೀಟರಿಗೆ ಸುಮಾರು 35 ಗ್ರಾಂ ಲವಣವಿರಬೇಕು. ಅಡಿಗೆಯ ಉಪ್ಪು ಇದಕ್ಕೆ ಒದಗದು, ಏಕೆಂದರೆ ಸಮುದ್ರಜಲದಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ ಮೊದಲಾದವು ಅದರಲ್ಲಿಲ್ಲ. ನಲ್ಲಿಯ ನೀರಿನ ಕ್ಲೋರಿನ್ನೂ ತಾಮ್ರದ ಅಂಶವೂ ಹವಳಕ್ಕೆ ಮಾರಕವಾದುದರಿಂದ ಶುದ್ಧೀಕರಿಸಿದ ನೀರನ್ನೇ ಬಳಸತಕ್ಕದ್ದು. ಶಾಖವು 25 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದು ಹಳೆಯ ನೀರಿನ ಶಾಖಕ್ಕೆ ಸಮವಾಗಿರಬೇಕು. ಮೀನುಗಳಿಗೆ ಹಿಂದಿನ ದಿನದಿಂದಲೇ ಆಹಾರ ಕೊಡಬಾರದು. ಹಸಿದ ಮೀನು ಚೀಲದಲ್ಲಿ ಕಡಮೆ ಮಲಿನ ಮಾಡುವುದು. ಒಂದೆರಡು ದಿನದ ಉಪವಾಸದಿಂದ ಅದಕ್ಕೆ ಬಾಧೆಯಿಲ್ಲ.

ತೆಗೆಯುವ ಕ್ರಮವೂ ಮುಖ್ಯವೇ. ಮೊದಲು ಹವಳಗಳು. ಒಂದರ ಸ್ಪರ್ಶಾಂಗ ಇನ್ನೊಂದನ್ನು ಕುಟುಕಿ ಸುಡುವುದರಿಂದ ಒಂದೊಂದನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಬೇಕು. ಸ್ಪಂಜುಗಳನ್ನು ನೀರಿನೊಳಗೇ ಚೀಲಕ್ಕೆ ಸೇರಿಸಬೇಕು; ಗಾಳಿ ಅವುಗಳ ನಾಳಗಳಿಗೆ ಹೊಕ್ಕರೆ ಸಾಯಬಹುದು. ಅನಂತರ ಕಲ್ಲುಗಳು. ಮೀನು ಹಿಡಿಯುವುದು ಎಲ್ಲಕ್ಕಿಂತ ಕಡೆಗೆ. ಕಲ್ಲುಗಳಿರುವಾಗ ಅವುಗಳ ಬೆನ್ನಟ್ಟುವುದು ವ್ಯರ್ಥ ಶ್ರಮ. ಕಲ್ಲು ತೆಗೆದು ನೀರು ಮೂರನೆಯ ಒಂದು ಪಾಲಿಗೆ ಇಳಿದ ಮೇಲೆ ತಾವಾಗಿಯೇ ಕೈಗೆ ಸಿಕ್ಕುವುವು. ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದುದು ಆಮ್ಲಜನಕ. ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿಟ್ಟರೆ ಮೀನುಗಳು ಶಾಂತವಾಗಿರುವುವು.

ಉನ್ನತ ತರಗತಿಗಳ ವಿದ್ಯಾರ್ಥಿಗಳು ಇಲ್ಲಿ ಒಂದು ರಸಾಯನ ಸಂಗತಿಯನ್ನು ಲಕ್ಷ್ಯವಿಟ್ಟು ಗಮನಿಸಬೇಕು. ಮುಚ್ಚಿದ ಚೀಲದಲ್ಲಿ ಮೀನು ಉಸಿರಾಡಿದಂತೆ ಇಂಗಾಲಾಮ್ಲವು ಕೂಡಿ ನೀರಿನ ಕ್ಷಾರತೆ ತಗ್ಗುವುದು. ಆಗ ಅಮೋನಿಯಾದ ಬಹುಭಾಗವು ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುವುದು. ಚೀಲವನ್ನು ಬಿಚ್ಚಿದೊಡನೆ ಇಂಗಾಲಾಮ್ಲವು ಹಾರಿಹೋಗಿ ಕ್ಷಾರತೆ ಏರುವುದು. ಅದೇ ಅಮೋನಿಯಂ ತಿರುಗಿ ವಿಷವಾದ ಅಮೋನಿಯಾ ಆಗುವುದು. ದೀರ್ಘ ಪ್ರಯಾಣದ ಬಳಿಕ ಚೀಲದ ಬಾಯಿ ತೆರೆದಿಟ್ಟು ಹನಿಹನಿಯಾಗಿ ಹೊಸ ನೀರನ್ನು ಬೆರೆಸುತ್ತ ಗಂಟೆಗಟ್ಟಲೆ ಕಾಯುವವನು, ದಯೆಯಿಂದಲೇ ಆದರೂ, ಮೀನಿಗೆ ಕೇಡನ್ನೇ ಮಾಡುವನು. ಮುಚ್ಚಿದ ಚೀಲವನ್ನು ತೊಟ್ಟಿಯಲ್ಲಿ ತೇಲಬಿಟ್ಟು ಶಾಖ ಸಮವಾದ ಮೇಲೆ, ಬಿಚ್ಚಿ ತಡಮಾಡದೆ ಮೀನನ್ನು ಬಿಡುವುದೇ ಲೇಸು. ಲವಣದ ಪ್ರಮಾಣವನ್ನು ಮೊದಲೇ ಸರಿಹೊಂದಿಸಿರಬೇಕೆಂದು ಹೇಳುವುದು ಇದಕ್ಕಾಗಿಯೇ.

ಮರಳಿನ ವಿಷಯದಲ್ಲಿ ಲೋಭ ಕೂಡದು. ವರ್ಷಗಳಿಂದ ಅಲುಗದೆ ಬಿದ್ದಿದ್ದ ದಪ್ಪ ಮರಳಿನ ಪದರದಲ್ಲಿ ಕಸವೂ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೊಜನ್ ಸಲ್ಫೈಡೂ ಕೂಡಿರುವುವು. ಅದನ್ನು ಕಲಕಿ ಹಾಗೆಯೇ ಹೊಸ ತೊಟ್ಟಿಗೆ ಸುರಿದವರ ಮೀನುಗಳು ಮರುದಿನ ಬೆಳಗಿಗೆ ಉಳಿದಿರಲಾರವು. ಹಳೆಯ ಮರಳನ್ನು ಬಿಸುಟು ಹೊಸದನ್ನು ಹಾಕುವುದು, ಇಲ್ಲವೇ ನೀರು ತಿಳಿಯಾಗುವವರೆಗೆ ತೊಳೆಯುವುದು ಒಳ್ಳೆಯದು.

ದೊಡ್ಡ ಸಂಸ್ಥೆಗಳಿಗೂ ಈ ಕಷ್ಟ ತಪ್ಪಿದುದಲ್ಲ. ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ 1923ರಲ್ಲಿ ತೆರೆದ ಸ್ಟೈನ್‌ಹಾರ್ಟ್ ಮತ್ಸ್ಯಾಲಯವು ಹೊಸ ಕಟ್ಟಡಕ್ಕಾಗಿ ತನ್ನ ಜೀವಿಗಳೊಡನೆ 2004ರಲ್ಲಿ ಹೋವರ್ಡ್ ಬೀದಿಯ ತಾತ್ಕಾಲಿಕ ಮನೆಗೆ ಹೋಗಿ, 2008ರಲ್ಲಿ ಮರಳಿ ಬಂದಿತು. ಆಗ ಸಿದ್ಧವಾದ ಹವಳದ ತೊಟ್ಟಿಯಲ್ಲಿ ಹಿಡಿಯುವ ನೀರು ಸುಮಾರು 8 ಲಕ್ಷ ಲೀಟರು. ಹಾಗೆ ಹೋಗಿಬಂದವುಗಳಲ್ಲಿ 1938ರಲ್ಲಿ ಆಸ್ಟ್ರೇಲಿಯದಿಂದ ಬಂದ ಮೆಥುಸೆಲಾ ಎಂಬ ಶ್ವಾಸಕೋಶದ ಮೀನೂ ಒಂದು. ಅದು ಸಿಹಿನೀರಿನದು, ನಿಜ. ಆದರೆ ಅಜ್ಜನ ವಯಸ್ಸಿನ ಮೀನನ್ನು ಎರಡು ಸಲ ಮನೆ ಬದಲಾಯಿಸಿದವರ ಎದೆಗುದಿಯನ್ನು ನಾವು ಊಹಿಸಬಹುದು.

ಹೊಸ ಸ್ಥಳದಲ್ಲಿ ತೊಟ್ಟಿಯ ಪೀಠವು ರಸಮಟ್ಟದಿಂದ ನೋಡಿದಾಗ ಸಮತಟ್ಟಾಗಿರಬೇಕು. ಮರಳು, ಕಲ್ಲು, ನೀರು, ಹವಳ, ಕೊನೆಗೆ ಮೀನು ಎಂಬ ಕ್ರಮದಲ್ಲಿ ಎಲ್ಲವನ್ನೂ ಸೇರಿಸಬೇಕು. ಅನಂತರದ ಎರಡು ಮೂರು ವಾರ ಅಮೋನಿಯಾವನ್ನು ಪರೀಕ್ಷಿಸುತ್ತಿದ್ದು, ಕಂಡುಬಂದ ದಿನವೇ ನೀರಿನ ಒಂದು ಭಾಗವನ್ನು ಬದಲಿಸಬೇಕು. ಆಹಾರ ಮಿತವಾಗಿರಲಿ. ದೀಪದ ವಿಷಯದಲ್ಲಿಯೂ ಅವಸರ ಸಲ್ಲದು. ಹವಳದ ಮೈಯೊಳಗೆ ನೆಲೆಸಿದ ಸೂಕ್ಷ್ಮ ಪಾಚಿಗಳು ಬೆಳಕಿನಿಂದ ಆಹಾರವನ್ನು ತಯಾರಿಸಿ ಅದನ್ನು ಪೋಷಿಸುವುವು. ಬಳಲಿದ ಹವಳದ ಮೇಲೆ ಒಮ್ಮೆಲೇ ಪ್ರಖರ ಬೆಳಕು ಬಿದ್ದರೆ ಆ ಪಾಚಿಗಳು ಹೊರದೂಡಲ್ಪಟ್ಟು ಹವಳವು ಬೆಳ್ಳಗಾಗುವುದು. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ ಕಡಲಿನ ಶಾಖದಿಂದ ಬೆಳ್ಳಗಾದುದೂ ಇದೇ ಬಗೆಯ ವಿಕಾರ. ಆದುದರಿಂದ ಮೊದಲ ದಿನಗಳಲ್ಲಿ ದೀಪವನ್ನು ಅರ್ಧದಷ್ಟು ಹೊತ್ತು ಮಾತ್ರ ಉರಿಸಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ, ಸುಮಾರು ಒಂದು ತಿಂಗಳಲ್ಲಿ ಮೊದಲಿನ ಅಳತೆಗೆ ತರತಕ್ಕದ್ದು.